ಇಷ್ಟು ಸಾಕು ಅಂದವರು ಕಟ್ಟಿದ ಗೋಡೆಗಳು

ಹಳೆಯ 486 ಗಣಕವೊಂದು ನಿಮ್ಮ ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಮಿಕ್ಕಿದ್ದೆಲ್ಲ ಸರಿಯಿದೆ, ಹಾರ್ಡ್ ಡಿಸ್ಕ್ ಮಾತ್ರ ಕೆಟ್ಟಿದೆ. ಅದರಲ್ಲಿದ್ದದ್ದು 340 ಎಂಬಿಯ ಡಿಸ್ಕು. ಅಂಥದ್ದು ಈಗ ಹೊಸದಾಗಿ ಎಲ್ಲೂ ಸಿಗುವುದಿಲ್ಲ. ಹುಡುಕಿದರೆ ಗುಜರಿಯಲ್ಲಿ ಒಂದು 40 ಜಿಬಿಯ ಐಡಿಇ ಡಿಸ್ಕು ಸಿಗಬಹುದು. ಕೇಬಲ್ಲು ಅದೇ, 40 ಪಿನ್ನು ಅದೇ, ಪವರ್ ಕನೆಕ್ಟರೂ ಅದೇ. ಸರಿ, ಸಿಕ್ಕಿಸಿ ಸ್ವಿಚ್ ಒತ್ತಿದರೆ ಏನಾಗುತ್ತದೆ? ಒಂದೋ 504 ಎಂಬಿ ಅಂತ ತೋರಿಸುತ್ತದೆ, ಇಲ್ಲವೇ ಗಣಕ ಅಲ್ಲೇ ಕಲ್ಲಾಗಿ ಕೂತುಬಿಡುತ್ತದೆ.

"ಹಳೇ ಮೆಷಿನ್ನಿಗೆ ಅಷ್ಟು ದೊಡ್ಡ ಡಿಸ್ಕು ತಡೆಯೋ ಶಕ್ತಿ ಇಲ್ಲ" ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಇದು ನಿಜವಲ್ಲ. ಡಿಸ್ಕನ್ನು ತಿರುಗಿಸುವ ಮೋಟಾರು, ಓದುವ ಹೆಡ್ಡು, ಲೆಕ್ಕ ನೋಡಿಕೊಳ್ಳುವ ಚಿಪ್ಪು ಎಲ್ಲವೂ ಡಿಸ್ಕಿನ ಒಳಗೇ ಇವೆ. ಹಳೆಯ ಗಣಕ ಮಾಡಬೇಕಾದ್ದು ಇಷ್ಟೇ: "ಇಂಥಾ ವಿಳಾಸದಲ್ಲಿ ಇರುವುದನ್ನು ಕೊಡು" ಎಂದು ಕೇಳುವುದು. ತೊಂದರೆ ಇರುವುದು ಆ ವಿಳಾಸ ಬರೆಯಲು ಬಿಟ್ಟ ಜಾಗದಲ್ಲಿ. ಪಿಸಿ ಹುಟ್ಟಿದಾಗಿನಿಂದ ಒಂದಾದ ಮೇಲೊಂದು ಬಂದ 32 ಎಂಬಿ, 504 ಎಂಬಿ, 2 ಜಿಬಿ, 8 ಜಿಬಿ, 32 ಜಿಬಿ, 137 ಜಿಬಿ, 2 ಟಿಬಿ ಎಂಬ ಗೋಡೆಗಳೆಲ್ಲ ಹೀಗೆ ಕಾಗದದ ಮೇಲೆ ಎದ್ದವು. ಪ್ರತಿಯೊಂದರ ಹಿಂದೆಯೂ "ಇಷ್ಟು ಸಾಕು" ಎಂದು ನಿರ್ಧರಿಸಿದವರಿದ್ದಾರೆ.

ಹಳೇ ಗಣಕದ ಉಸಾಬರಿ ಈಗ ಯಾರಿಗೆ ಬೇಕು ಅನ್ನಬೇಡಿ. ಐಎಸ್‌ಎ ಕಾರ್ಡಿನ ಮೂಲಕ ನಡೆಯುವ ಲೇತು, ಪ್ರಯೋಗಾಲಯದ ಉಪಕರಣಗಳು, ಹಳೆಯ ಡಿಟಿಪಿ ಕಡತಗಳು ಇವೆಲ್ಲ ಆ ಗಣಕಗಳನ್ನೇ ನೆಚ್ಚಿಕೊಂಡಿರುತ್ತವೆ. ಲಕ್ಷಾಂತರ ರೂಪಾಯಿಯ ಯಂತ್ರವೊಂದು ಬರೀ ಒಂದು ಡಿಸ್ಕಿಗಾಗಿ ಗುಜರಿಗೆ ಹೋಗುವುದೂ ಉಂಟು. ಆದ್ದರಿಂದ ಈ ಗೋಡೆಗಳ ಚರಿತ್ರೆ ತಿಳಿದಿರುವುದು ಒಳ್ಳೆಯದು. ಗೋಡೆ ಎಲ್ಲಿದೆ ಎಂದು ಗೊತ್ತಾದರೆ ಬಾಗಿಲು ಎಲ್ಲಿ ಕೊರೆಯಬೇಕು ಎನ್ನುವುದೂ ಗೊತ್ತಾಗುತ್ತದೆ.

ವರ್ತುಲ ರಸ್ತೆ, ಮಹಡಿ, ಮನೆ

ಮೊದಲು ಡಿಸ್ಕಿನ ವಿಳಾಸ ಹೇಗಿರುತ್ತದೆ ನೋಡೋಣ. ಹಾರ್ಡ್ ಡಿಸ್ಕಿನೊಳಗೆ ಒಂದರ ಮೇಲೊಂದು ತಟ್ಟೆಗಳಿರುತ್ತವೆ. ಪ್ರತಿ ತಟ್ಟೆಯ ಮೇಲೆ ಒಂದರೊಳಗೊಂದು ವರ್ತುಲಗಳು. ಇದನ್ನು ಬರೀ ವರ್ತುಲ ರಸ್ತೆಗಳೇ ಇರುವ ಒಂದು ಊರು ಎಂದುಕೊಳ್ಳಿ. ಎಷ್ಟನೆಯ ರಸ್ತೆ ಎನ್ನುವುದು ಸಿಲಿಂಡರ್ ಸಂಖ್ಯೆ. ಎಷ್ಟನೆಯ ಮಹಡಿ ಎನ್ನುವುದು ಹೆಡ್ ಸಂಖ್ಯೆ. ಆ ರಸ್ತೆಯಲ್ಲಿ ಎಷ್ಟನೆಯ ಮನೆ ಎನ್ನುವುದು ಸೆಕ್ಟರ್ ಸಂಖ್ಯೆ. ಒಂದು ಮನೆಯಲ್ಲಿ 512 ಬೈಟುಗಳ ವಾಸ.

1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಫ್ಲಾಪಿಯಲ್ಲೇ ಸಂಸಾರ. 1983ರಲ್ಲಿ ಬಂದ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಡಿಸ್ಕು ಬಂತು. ಸೀಗೇಟ್ ಕಂಪನಿಯ ಎಸ್‌ಟಿ-412 ಎಂಬ ಮಾದರಿಯದು. ಅದರ ಲೆಕ್ಕ ಹೀಗೆ: 306 ಸಿಲಿಂಡರ್, 4 ಹೆಡ್, 17 ಸೆಕ್ಟರ್. 306 × 4 × 17 × 512 = 1,06,53,696 ಬೈಟು. ಈಗ ಮೊಬೈಲಿನಲ್ಲಿ ತೆಗೆದ ಎರಡು ಮೂರು ಫೋಟೋಗೆ ತುಂಬಿಹೋಗುವಷ್ಟು ಜಾಗ. ಆಗ ಅದು ಒಂದು ಇಡೀ ಕಚೇರಿಯ ಲೆಕ್ಕಪತ್ರಕ್ಕೆ ಸಾಕಾಗುತ್ತಿತ್ತು.

ಗಣಕದ ಬಯೋಸ್ ಈ ಡಿಸ್ಕಿನ ಜೊತೆ ಮಾತಾಡಲು ಒಂದು ಪದ್ಧತಿ ಮಾಡಿಕೊಂಡಿತ್ತು. ತಂತ್ರಜ್ಞರು ಅದನ್ನು ಇಂಟರಪ್ಟ್ 13 ಎನ್ನುತ್ತಾರೆ. ಅದು ಮೂಲತಃ ಫ್ಲಾಪಿಗಾಗಿ ಮಾಡಿದ್ದು. ಟ್ರ್ಯಾಕ್ ಸಂಖ್ಯೆಗೆ 8 ಬಿಟ್, ಸೆಕ್ಟರ್ ಸಂಖ್ಯೆಗೆ 8 ಬಿಟ್, ಹೆಡ್ ಸಂಖ್ಯೆಗೆ 8 ಬಿಟ್. 8 ಬಿಟ್‌ನಲ್ಲಿ 256ರವರೆಗೆ ಮಾತ್ರ ಎಣಿಸಬಹುದು. 306 ಸಿಲಿಂಡರ್ ಬಂದಾಗ ಅದು ಸಾಲದಾಯಿತು. ಆಗ ಮಾಡಿದ ಉಪಾಯ ಏನೆಂದರೆ, ಸೆಕ್ಟರಿನ 8 ಬಿಟ್‌ನಲ್ಲಿ ಎರಡನ್ನು ಸಾಲ ಪಡೆದು ಸಿಲಿಂಡರಿಗೆ ಕೊಟ್ಟದ್ದು. ಹಾಗಾಗಿ ಸಿಲಿಂಡರಿಗೆ 10 ಬಿಟ್, ಅಂದರೆ 1024. ಸೆಕ್ಟರಿಗೆ ಉಳಿದದ್ದು 6 ಬಿಟ್. ಸೆಕ್ಟರಿನ ಎಣಿಕೆ 1ರಿಂದ ಶುರುವಾಗುವುದರಿಂದ ಅಲ್ಲಿ ಸಿಗುವುದು 63. ಹೆಡ್ಡಿಗೆ 256.

306 ಬೇಕಾದ ಕಡೆ 1024 ಕೊಟ್ಟರೆ ಧಾರಾಳವೇ ತಾನೆ? 4 ಹೆಡ್ಡಿನ ಡಿಸ್ಕಿಗೆ 256 ಹೆಡ್ಡಿನ ಜಾಗ! ಆ ಇಂಜಿನಿಯರುಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ಕೊಟ್ಟ ವಿಳಾಸದಲ್ಲಿ 845 ಕೋಟಿ ಬೈಟಿನ ಡಿಸ್ಕು ಹಿಡಿಸುತ್ತಿತ್ತು. ಅಂದರೆ ಕೈಯಲ್ಲಿದ್ದ ಡಿಸ್ಕಿನ ಸುಮಾರು 800 ಪಟ್ಟು. ಮುಂದೆ ಬಂದ ತೊಂದರೆಗೆ ಕಾರಣ ಅವರೊಬ್ಬರೇ ಅಲ್ಲ.

ಪಟ್ಟಿಯಲ್ಲಿ ಹೆಸರಿಲ್ಲ

1984ರಲ್ಲಿ ಐಬಿಎಂ ಪಿಸಿ ಎಟಿ ಬಂತು. ಇದರಲ್ಲಿ ಬ್ಯಾಟರಿಯ ಆಸರೆಯಿಂದ ನೆನಪಿಟ್ಟುಕೊಳ್ಳುವ ಸಿಮಾಸ್ ಎಂಬ ಪುಟ್ಟ ಸ್ಮೃತಿ ಇತ್ತು. ನಿಮ್ಮ ಡಿಸ್ಕು ಯಾವ ಬಗೆಯದು ಎನ್ನುವುದನ್ನು ಅಲ್ಲಿ ಒಂದು ಸಂಖ್ಯೆಯಾಗಿ ಬರೆದಿಡಬೇಕಿತ್ತು. ಬಯೋಸ್ ಒಳಗೆ ಒಂದು ಪಟ್ಟಿ: ಬಗೆ 1 ಅಂದರೆ ಇಷ್ಟು ಸಿಲಿಂಡರ್, ಇಷ್ಟು ಹೆಡ್, ಬಗೆ 2 ಅಂದರೆ ಇಷ್ಟು ಹೀಗೆ. ಮೊದಲ ಎಟಿಯ ಪಟ್ಟಿಯಲ್ಲಿದ್ದದ್ದು 14 ಬಗೆ. ನಿಮ್ಮ ಡಿಸ್ಕು ಆ ಪಟ್ಟಿಯಲ್ಲಿ ಇಲ್ಲದಿದ್ದರೆ? ಅದಕ್ಕಿಂತ ಚಿಕ್ಕದಾದ, ಹತ್ತಿರದ ಬಗೆಯೊಂದನ್ನು ಆರಿಸಿಕೊಂಡು ಉಳಿದ ಜಾಗಕ್ಕೆ ತಿಲಾಂಜಲಿ ಬಿಡಬೇಕು. ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಮಗನಿಗೆ ಅಕ್ಕಿ ಸಿಗದ ಹಾಗೆ.

ಮುಂದೆ ಬೇರೆ ಕಂಪನಿಗಳ ಬಯೋಸ್‌ಗಳಲ್ಲಿ ಪಟ್ಟಿ ಬೆಳೆಯಿತು. ಕೊನೆಗೆ 47ನೆಯ ಬಗೆ ಎಂಬ ಖಾಲಿ ಸಾಲೊಂದು ಬಂತು. ಅಲ್ಲಿ ನಮಗೆ ಬೇಕಾದ ಅಂಕಿಗಳನ್ನು ನಾವೇ ತುಂಬಬಹುದು. 386, 486 ಗಣಕ ರಿಪೇರಿ ಮಾಡಿದವರಿಗೆಲ್ಲ "ಟೈಪ್ 47" ಎನ್ನುವುದು ಮನೆದೇವರ ಹೆಸರಿನಷ್ಟೇ ಪರಿಚಿತ. ಹಾರ್ಡ್ ಡಿಸ್ಕಿನ ಮೇಲೆ ಚೀಟಿ ಅಂಟಿಸಿ ಸಿಲಿಂಡರ್, ಹೆಡ್, ಸೆಕ್ಟರ್ ಎಂದು ಮುದ್ರಿಸುತ್ತಿದ್ದದ್ದು ಇದಕ್ಕಾಗಿಯೇ.

ಮೊದಲ ಗೋಡೆ 32 ಎಂಬಿ

ಬಯೋಸ್‌ಗೆ ಇನ್ನೂ ಜಾಗ ಧಾರಾಳವಾಗಿದ್ದಾಗಲೇ ಡಾಸ್ ಮೊದಲು ಎಡವಿತು. ಡಾಸ್ ತನ್ನ ಪಾರ್ಟಿಶನ್ನಿನ ಸೆಕ್ಟರುಗಳನ್ನು 16 ಬಿಟ್‌ನಲ್ಲಿ ಎಣಿಸುತ್ತಿತ್ತು. 65,536 × 512 = 3,35,54,432 ಬೈಟು. ಇದೇ 32 ಎಂಬಿ. ಅದಕ್ಕಿಂತ ದೊಡ್ಡ ಡಿಸ್ಕು ಹಾಕಿದರೂ ಪ್ರಯೋಜನವಿಲ್ಲ.

1987ರ ಡಾಸ್ 3.3ರಲ್ಲಿ ಒಂದು ತೇಪೆ ಹಾಕಿದರು. ಗೋಡೆಯನ್ನು ಒಡೆಯುವ ಬದಲು ಡಿಸ್ಕನ್ನೇ 32 ಎಂಬಿಯ ಕೋಣೆಗಳಾಗಿ ಪಾಲು ಮಾಡಿ ಸಿ, ಡಿ, ಇ ಎಂದು ಹೆಸರಿಟ್ಟರು. ನಮ್ಮ ಅವಿಭಕ್ತ ಕುಟುಂಬಗಳ ಆಸ್ತಿ ವಿಭಾಗದಂತೆ! ಗೋಡೆಯನ್ನು ನಿಜವಾಗಿ ಒಡೆದದ್ದು ಅದೇ ವರ್ಷ ಕಾಂಪ್ಯಾಕ್ ಕಂಪನಿ ತನ್ನ ಗಣಕಗಳಿಗೆಂದು ಕೊಟ್ಟ ಡಾಸ್ 3.31. 1988ರ ಡಾಸ್ 4ರಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಸೆಕ್ಟರ್ ಎಣಿಕೆಗೆ 32 ಬಿಟ್ ಕೊಟ್ಟರು.

ಆದರೆ ಡಾಸ್ ಕಡತಗಳನ್ನು ಸೆಕ್ಟರಿನ ಲೆಕ್ಕದಲ್ಲಿ ಇಡುವುದಿಲ್ಲ, ಸೆಕ್ಟರುಗಳ ಗೊಂಚಲಿನ ಲೆಕ್ಕದಲ್ಲಿ ಇಡುತ್ತದೆ. ಇದಕ್ಕೆ ಕ್ಲಸ್ಟರ್ ಎಂದು ಹೆಸರು. ಕ್ಲಸ್ಟರುಗಳ ಎಣಿಕೆ ಮಾತ್ರ 16 ಬಿಟ್‌ನಲ್ಲೇ ಉಳಿಯಿತು. ಒಂದು ಕ್ಲಸ್ಟರ್ ಹೆಚ್ಚೆಂದರೆ 32 ಕೆಬಿ. ಹಾಗಾಗಿ ಪಾರ್ಟಿಶನ್ನಿನ ಮಿತಿ 2 ಜಿಬಿಗೆ ಹೋಗಿ ನಿಂತಿತು. ಅಷ್ಟು ದೊಡ್ಡ ಪಾರ್ಟಿಶನ್ನಿನಲ್ಲಿ ಒಂದು ಸಾಲಿನ ಪತ್ರ ಬರೆದಿಟ್ಟರೂ 32 ಕೆಬಿ ಜಾಗ ಹೋಯಿತು ಎಂದೇ ಲೆಕ್ಕ. ಒಬ್ಬ ಪ್ರಯಾಣಿಕನಿಗೆ ಒಂದು ಇಡೀ ಬಸ್ಸು! ಈ ಗೋಳು ತಪ್ಪಿದ್ದು 1996ರಲ್ಲಿ ವಿಂಡೋಸ್ 95ರ ಎರಡನೆಯ ಪರಿಷ್ಕರಣೆಯ ಜೊತೆ ಫ್ಯಾಟ್ 32 ಬಂದ ಮೇಲೆ.

ಎರಡು ಅರ್ಜಿ ನಮೂನೆಗಳ ಕಥೆ

ಈಗ ಎಲ್ಲಕ್ಕಿಂತ ಪ್ರಸಿದ್ಧವಾದ ಗೋಡೆಗೆ ಬರೋಣ. 504 ಎಂಬಿ. ಕೆಲವರು ಇದನ್ನೇ 528 ಎಂಬಿ ಎನ್ನುತ್ತಾರೆ. ಎರಡೂ ಒಂದೇ. ಡಿಸ್ಕು ಮಾರುವವರು ಒಂದು ಎಂಬಿಗೆ 10 ಲಕ್ಷ ಬೈಟು ಎನ್ನುತ್ತಾರೆ, ಬಯೋಸ್ ಬರೆಯುವವರು 10,48,576 ಎನ್ನುತ್ತಾರೆ. ಮೇಲೆ ಹೇಳಿದ 32 ಎಂಬಿ ಬಯೋಸಿನವರ ಲೆಕ್ಕ, ಮುಂದೆ ಬರುವ 137 ಜಿಬಿ ಮಾರುವವರ ಲೆಕ್ಕ.

1980ರ ದಶಕದ ಮಧ್ಯದಲ್ಲಿ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮೊದಲಾದ ಕಂಪನಿಗಳು ಸೇರಿ ಐಡಿಇ ಎಂಬ ಹೊಸ ಬಗೆಯ ಡಿಸ್ಕು ತಂದವು. ಅದುವರೆಗೆ ಡಿಸ್ಕನ್ನು ನಡೆಸುವ ಕಂಟ್ರೋಲರ್ ಬೇರೆ ಕಾರ್ಡಿನಲ್ಲಿರುತ್ತಿತ್ತು. ಈಗ ಅದು ಡಿಸ್ಕಿನ ಬೆನ್ನಿಗೇ ಅಂಟಿಕೊಂಡಿತು. ಹಳೆಯ ತಂತ್ರಾಂಶ ಕೆಡಬಾರದೆಂದು ಎಟಿಯ ಹಳೆಯ ಕಂಟ್ರೋಲರ್ ಕಾರ್ಡಿನ ವೇಷವನ್ನೇ ಅದಕ್ಕೂ ಹಾಕಿದರು. ಅದರಲ್ಲಿ ಸಿಲಿಂಡರಿಗೆ 16 ಬಿಟ್, ಹೆಡ್ಡಿಗೆ 4 ಬಿಟ್, ಸೆಕ್ಟರಿಗೆ 8 ಬಿಟ್. ಅಂದರೆ 65,536 ಸಿಲಿಂಡರ್, 16 ಹೆಡ್, 255 ಸೆಕ್ಟರ್. ಇದೂ ಧಾರಾಳವೇ. ಸುಮಾರು 13,690 ಕೋಟಿ ಬೈಟು ಹಿಡಿಸುತ್ತದೆ.

ಈಗ ನೋಡಿ ತಮಾಷೆ. ನಿಮ್ಮ ಅರ್ಜಿ ಎರಡು ಕಚೇರಿ ದಾಟಬೇಕು ಎಂದುಕೊಳ್ಳಿ. ಮೊದಲ ಕಚೇರಿಯ ನಮೂನೆಯಲ್ಲಿ ರಸ್ತೆ ಸಂಖ್ಯೆಗೆ 1024ರವರೆಗೆ, ಮಹಡಿಗೆ 256ರವರೆಗೆ, ಮನೆಗೆ 63ರವರೆಗೆ ಬರೆಯಬಹುದು. ಎರಡನೆಯ ಕಚೇರಿಯ ನಮೂನೆಯಲ್ಲಿ ರಸ್ತೆಗೆ 65,536, ಮಹಡಿಗೆ 16, ಮನೆಗೆ 255. ಎರಡೂ ಕಡೆ ತಿರಸ್ಕಾರವಾಗದ ವಿಳಾಸ ಬೇಕಾದರೆ ಪ್ರತಿ ಕಾಲಮ್ಮಿನಲ್ಲೂ ಎರಡರಲ್ಲಿ ಚಿಕ್ಕದನ್ನೇ ಹಿಡಿಯಬೇಕು. 1024 ರಸ್ತೆ, 16 ಮಹಡಿ, 63 ಮನೆ.

1024 × 16 × 63 × 512 = 52,84,82,304 ಬೈಟು.

845 ಕೋಟಿಯ ಒಂದು ನಮೂನೆ, 13,690 ಕೋಟಿಯ ಇನ್ನೊಂದು ನಮೂನೆ. ಎರಡೂ ಸೇರಿದಾಗ ಉಳಿದದ್ದು 52 ಕೋಟಿ! ಯಾರೂ ಈ ಗೋಡೆಯನ್ನು ಬೇಕೆಂದು ಕಟ್ಟಲಿಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಉದಾರವಾಗಿಯೇ ಇದ್ದರು. ಪಕ್ಕದವನ ನಮೂನೆ ಹೇಗಿದೆ ಎಂದು ನೋಡಲಿಲ್ಲ ಅಷ್ಟೆ. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪಾಠ ಇರುವ ಭಾಗ ಇದೇ ಅನ್ನಿಸುತ್ತದೆ.

ಸುಳ್ಳಿನ ಮೇಲೆ ಸುಳ್ಳು

1993-94ರ ಹೊತ್ತಿಗೆ 540 ಎಂಬಿಯ ಡಿಸ್ಕುಗಳು ಅಂಗಡಿಗೆ ಬಂದಾಗ ಈ ಗೋಡೆ ಎಲ್ಲರ ತಲೆಗೂ ಬಡಿಯಿತು. ಪರಿಹಾರವಾಗಿ ಬಂದದ್ದು ಭಾಷಾಂತರ. ಡಿಸ್ಕು 1048 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಎಂದು ಹೇಳಿದರೆ ಬಯೋಸ್ ಅದನ್ನು ಡಾಸ್‌ಗೆ 524 ಸಿಲಿಂಡರ್, 32 ಹೆಡ್, 63 ಸೆಕ್ಟರ್ ಎಂದು ತಿರುಗಿಸಿ ಹೇಳುತ್ತದೆ. ಸಿಲಿಂಡರ್ ಅರ್ಧ, ಹೆಡ್ಡು ಎರಡು ಪಟ್ಟು. ಗುಣಾಕಾರ ಮಾಡಿದರೆ ಉತ್ತರ ಒಂದೇ.

ಇದು ಸುಳ್ಳಲ್ಲವೇ, 32 ಹೆಡ್ಡು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಆದರೆ ಮೊದಲು ಹೇಳಿದ 16 ಹೆಡ್ಡೇ ಸುಳ್ಳು! ಆ ಡಿಸ್ಕನ್ನು ಬಿಚ್ಚಿದರೆ ಒಳಗೆ ಇರುವುದು ಒಂದೆರಡು ತಟ್ಟೆ ಮಾತ್ರ. ಅದೂ ಅಲ್ಲದೆ ಹೊರಗಿನ ವರ್ತುಲ ದೊಡ್ಡದು, ಒಳಗಿನದು ಚಿಕ್ಕದು. ಹೊರವರ್ತುಲ ರಸ್ತೆಯಲ್ಲಿ ಹೆಚ್ಚು ಮನೆ ಹಿಡಿಸುತ್ತದೆ ತಾನೆ? ಐಡಿಇ ಡಿಸ್ಕುಗಳು ಬಂದ ಮೇಲೆ ಹೊರಗೆ ಹೆಚ್ಚು ಸೆಕ್ಟರ್, ಒಳಗೆ ಕಡಿಮೆ ಸೆಕ್ಟರ್ ಇಡುವುದು ರೂಢಿಯಾಯಿತು. ಎಲ್ಲ ರಸ್ತೆಗೂ 63 ಎನ್ನುವುದು ಬರೀ ಶಿಷ್ಟಾಚಾರದ ಮಾತು. ಡಿಸ್ಕು ಗಣಕಕ್ಕೆ ಒಂದು ಕಥೆ ಹೇಳುತ್ತದೆ, ಬಯೋಸ್ ಆ ಕಥೆಯನ್ನು ಡಾಸ್‌ಗೆ ಇನ್ನೊಂದು ಕಥೆಯಾಗಿ ಹೇಳುತ್ತದೆ. ಎಲ್ಲರೂ ಒಂದೇ ಕಥೆಗೆ ಬದ್ಧರಾಗಿದ್ದರೆ ಕೆಲಸ ನಡೆಯುತ್ತದೆ.

ಎಲ್‌ಬಿಎ ಎಂಬ ಹೊಸ ಪದ್ಧತಿ ಈ ಕಥೆಗಳ ಬದಲು ಪ್ರತಿ ಸೆಕ್ಟರಿಗೂ ನೇರವಾಗಿ ಒಂದು ಕ್ರಮಸಂಖ್ಯೆ ಕೊಟ್ಟಿತು. ರಸ್ತೆ, ಮಹಡಿ ಏನೂ ಬೇಡ. 0ಯಿಂದ ಶುರುಮಾಡಿ ಕೊನೆಯವರೆಗೆ ಎಣಿಸಿದರೆ ಆಯಿತು. 1994ರಲ್ಲಿ ಫೀನಿಕ್ಸ್ ಕಂಪನಿಯವರು ಬಯೋಸ್‌ಗೂ ಹೀಗೆ ಕ್ರಮಸಂಖ್ಯೆಯಲ್ಲೇ ಕೇಳುವ ಹೊಸ ವಿಧಾನವನ್ನು ಬರೆದು ಪ್ರಕಟಿಸಿದರು. ಆದರೆ ಅದಾಗಲೇ ಮಾರಾಟವಾಗಿದ್ದ ಗಣಕಗಳ ಗತಿ?

ಅವುಗಳಿಗೆ ಬಂದದ್ದು ಆನ್‌ಟ್ರ್ಯಾಕ್ ಡಿಸ್ಕ್ ಮ್ಯಾನೇಜರ್, ಈಜಿ-ಡ್ರೈವ್ ಮೊದಲಾದ ತಂತ್ರಾಂಶಗಳು. ಹೊಸ ಡಿಸ್ಕು ಕೊಂಡರೆ ಜೊತೆಗೆ ಒಂದು ಫ್ಲಾಪಿಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ಕೂತುಕೊಂಡು, ಡಾಸ್ ಬರುವ ಮೊದಲೇ ತಾನು ಸ್ಮೃತಿಗೆ ಬಂದು, ಬಯೋಸಿನ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಿತ್ತು. ಬಾಗಿಲಲ್ಲಿ ಕೂತ ದುಭಾಷಿಯ ಹಾಗೆ. ಕೆಲಸವೇನೋ ಚೆನ್ನಾಗಿ ನಡೆಯುತ್ತಿತ್ತು. ಆದರೆ ಫ್ಲಾಪಿಯಿಂದ ನೇರವಾಗಿ ಗಣಕ ಚಾಲೂ ಮಾಡಿದರೆ ದುಭಾಷಿ ಇಲ್ಲ. ಡಿಸ್ಕಿನಲ್ಲಿರುವ ಮಾಹಿತಿಯೆಲ್ಲ ಅಪರಿಚಿತ ಭಾಷೆ. ಆ ಕಾಲದಲ್ಲಿ ಮೈಕೆಲ್ಯಾಂಜಲೊದಂಥ ಬೂಟ್ ವೈರಸ್ಸುಗಳ ಕಾಟ ಬೇರೆ. ವೈರಸ್ ಬಂದಿದೆ ಎಂದು ಯಾರಾದರೂ ಬುದ್ಧಿವಂತರು ಮೊದಲ ಸೆಕ್ಟರನ್ನು ಎಫ್‌ಡಿಸ್ಕ್‌ನಿಂದ ಹೊಸದಾಗಿ ಬರೆದುಬಿಟ್ಟರೆ ವೈರಸ್ಸಿನ ಜೊತೆ ದುಭಾಷಿಯೂ ಹೋದ. ಡಿಸ್ಕು ಖಾಲಿ! ಮಾಹಿತಿ ಒಂದಿಷ್ಟೂ ಅಳಿಸಿರುವುದಿಲ್ಲ, ಆದರೆ ಅದನ್ನು ಓದುವ ಕಥೆ ಕಳೆದುಹೋಗಿರುತ್ತದೆ.

ಸಾಲು ಸಾಲು ಗೋಡೆಗಳು

ಇಲ್ಲಿಂದ ಮುಂದೆ ಗೋಡೆಗಳು ಬೇಗ ಬೇಗ ಬಂದವು. ಅದಕ್ಕೊಂದು ಕಾರಣವಿದೆ. 1988ರಲ್ಲಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರ್ಯೂನ್‌ಬರ್ಗ್ ಎಂಬ ಭೌತವಿಜ್ಞಾನಿಗಳು ಬೇರೆ ಬೇರೆಯಾಗಿ ಒಂದು ವಿದ್ಯಮಾನ ಕಂಡುಹಿಡಿದಿದ್ದರು. ತೆಳುವಾದ ಲೋಹದ ಪದರಗಳ ವಿದ್ಯುತ್ ರೋಧ ಸಣ್ಣ ಕಾಂತಕ್ಷೇತ್ರಕ್ಕೂ ಬಹಳವಾಗಿ ಬದಲಾಗುತ್ತದೆ ಎನ್ನುವುದು. ಇದರಿಂದ ಅತಿ ಸೂಕ್ಷ್ಮವಾದ ಹೆಡ್ಡು ಮಾಡಬಹುದಾಯಿತು. 1997ರಲ್ಲಿ ಐಬಿಎಂ ಅಂಥ ಹೆಡ್ಡಿರುವ 16.8 ಜಿಬಿಯ ಡಿಸ್ಕು ತಂದಿತು. ಅಲ್ಲಿಂದ ಡಿಸ್ಕುಗಳ ಗಾತ್ರ ಬಿದಿರು ಬೆಳೆದಂತೆ ಬೆಳೆಯಿತು. ಆ ಇಬ್ಬರಿಗೂ 2007ರಲ್ಲಿ ನೊಬೆಲ್ ಬಂತು. ಬಯೋಸ್ ಬರೆಯುವವರಿಗೆ ಮಾತ್ರ ನಿದ್ದೆ ಹೋಯಿತು!

2.1 ಜಿಬಿ: 1996ರ ಸುಮಾರಿಗೆ ಬಂದ ತೊಂದರೆ. ಕೆಲವು ಬಯೋಸ್‌ಗಳು ಸಿಲಿಂಡರಿಗೆ 12 ಬಿಟ್ ಮಾತ್ರ ಇಟ್ಟುಕೊಂಡಿದ್ದವು. 4096 × 16 × 63 × 512 = 211 ಕೋಟಿ ಬೈಟು. ಅದಕ್ಕಿಂತ ದೊಡ್ಡದು ಕಂಡರೆ ಕೆಲವು ಗಣಕಗಳು ಚಾಲೂ ಆಗುತ್ತಲೇ ಇರಲಿಲ್ಲ.

8.4 ಜಿಬಿ: ಇದು ಇಂಟರಪ್ಟ್ 13ರ ಮೂಲ ಮಿತಿ, ಎಕ್ಸ್‌ಟಿ ಕಾಲದ 845 ಕೋಟಿ. ಭಾಷಾಂತರದ ಉಪಾಯ ಇಲ್ಲಿಗೆ ಮುಗಿಯಿತು. ಇನ್ನು ಕ್ರಮಸಂಖ್ಯೆಯ ಹೊಸ ವಿಧಾನವೇ ಬೇಕು. ನೀವು ಗಮನಿಸಿರಬಹುದು, ಇದಕ್ಕಿಂತ ದೊಡ್ಡ ಐಡಿಇ ಡಿಸ್ಕುಗಳ ಚೀಟಿಯ ಮೇಲೆಲ್ಲ 16383 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಎಂದೇ ಇರುತ್ತದೆ. 10 ಜಿಬಿಗೂ ಅದೇ, 80 ಜಿಬಿಗೂ ಅದೇ. "ಹಳೆಯ ಭಾಷೆಯಲ್ಲಿ ಇಷ್ಟೇ ಹೇಳಬಲ್ಲೆ, ಮುಂದಿನದನ್ನು ಕ್ರಮಸಂಖ್ಯೆಯಲ್ಲಿ ಕೇಳಿ" ಎಂದು ಅದರ ಅರ್ಥ. ಲಿನಕ್ಸ್ ಬಳಸುತ್ತಿದ್ದವರಿಗೆ ಲಿಲೋ ಎಂಬ ಬೂಟ್ ತಂತ್ರಾಂಶ ಬರೀ ಎರಡು ಅಕ್ಷರ ತೋರಿಸಿ ನಿಂತುಬಿಡುತ್ತಿದ್ದದ್ದು ನೆನಪಿರಬಹುದು. ಕರ್ನಲ್ 1024ನೆಯ ಸಿಲಿಂಡರಿನ ಆಚೆ ಇದ್ದರೆ ಅದಕ್ಕೆ ಕೈ ಎಟುಕುತ್ತಿರಲಿಲ್ಲ. ಡಿಸ್ಕಿನ ಮೊದಲಿಗೇ ಒಂದು ಪುಟ್ಟ ಬೂಟ್ ಪಾರ್ಟಿಶನ್ ಮಾಡುವ ಪದ್ಧತಿ ಬೆಳೆದದ್ದಕ್ಕೆ ಇದೂ ಒಂದು ಕಾರಣ.

33.8 ಜಿಬಿ: 1999ರದ್ದು. ಕ್ರಮಸಂಖ್ಯೆ ಬಂದ ಮೇಲೂ ಕೆಲವು ಬಯೋಸ್‌ಗಳು ಚಾಲೂ ಆಗುವಾಗ ಒಟ್ಟು ಸೆಕ್ಟರುಗಳನ್ನು 16 × 63ರಿಂದ ಭಾಗಿಸಿ ಸಿಲಿಂಡರ್ ಎಷ್ಟೆಂದು ಲೆಕ್ಕ ಹಾಕುತ್ತಿದ್ದವು. ಉತ್ತರ 65,535 ದಾಟಿದರೆ 16 ಬಿಟ್‌ನಲ್ಲಿ ಹಿಡಿಸದೆ ಗಣಕ ಅಲ್ಲೇ ನಿಲ್ಲುತ್ತಿತ್ತು. ಯಾರಿಗೂ ಬೇಡವಾದ ಹಳೇ ಲೆಕ್ಕವೊಂದನ್ನು ಅಭ್ಯಾಸಬಲದಿಂದ ಮಾಡಲು ಹೋಗಿ ಆದ ಅನಾಹುತ. ಇದಕ್ಕಾಗಿ ಡಿಸ್ಕು ಮಾಡುವವರು ಒಂದು ಜಂಪರ್ ಇಟ್ಟರು. ಅದನ್ನು ಹಾಕಿದರೆ 40 ಜಿಬಿಯ ಡಿಸ್ಕು "ನಾನು ಬರೀ 32 ಜಿಬಿ" ಎಂದು ತಗ್ಗಿ ನಡೆಯುತ್ತದೆ.

ಸದ್ದಿಲ್ಲದೆ ಕೊಲ್ಲುವ ಗೋಡೆ

ಮೇಲಿನ ಗೋಡೆಗಳೆಲ್ಲ ಒಂದು ಲೆಕ್ಕದಲ್ಲಿ ಪ್ರಾಮಾಣಿಕ. ತಲೆಗೆ ಬಡಿಯುತ್ತವೆ, ಗೊತ್ತಾಗುತ್ತದೆ. 137 ಜಿಬಿಯದು ಹಾಗಲ್ಲ. ಐಡಿಇಯ ಕ್ರಮಸಂಖ್ಯೆಗೆ ಇದ್ದದ್ದು 28 ಬಿಟ್. 26,84,35,456 ಸೆಕ್ಟರ್, ಅಂದರೆ 13,743 ಕೋಟಿ ಬೈಟು. 2001ರಲ್ಲಿ ಮ್ಯಾಕ್ಸ್‌ಟರ್ ಕಂಪನಿ 160 ಜಿಬಿಯ ಡಿಸ್ಕು ತಂದಾಗ ಇದನ್ನು 48 ಬಿಟ್‌ಗೆ ಏರಿಸಿದ ಹೊಸ ಪದ್ಧತಿಯನ್ನೂ ಜೊತೆಗೆ ತರಬೇಕಾಯಿತು. ಆದರೆ ಅದೇ ವರ್ಷ ಬಂದ ವಿಂಡೋಸ್ ಎಕ್ಸ್‌ಪಿಗೆ ಅದು ಗೊತ್ತಿರಲಿಲ್ಲ. 2002ರ ಸರ್ವಿಸ್ ಪ್ಯಾಕ್ 1ರಲ್ಲಿ ಸರಿಹೋಯಿತು. ವಿಂಡೋಸ್ 98ರ ಜೊತೆ ಬಂದ ಡ್ರೈವರಿಗೆ ಕೊನೆಯವರೆಗೂ ತಿಳಿಯಲೇ ಇಲ್ಲ.

ತಿಳಿಯದ ತಂತ್ರಾಂಶ 137 ಜಿಬಿಯಿಂದಾಚೆಗೆ ಬರೆಯಲು ಹೋದರೆ ಏನಾಗುತ್ತದೆ? ವಿಳಾಸದ ಕೊನೆಯ 28 ಬಿಟ್ ಮಾತ್ರ ಡಿಸ್ಕಿಗೆ ತಲುಪುತ್ತದೆ, ಮೇಲಿನದು ಬಿದ್ದುಹೋಗುತ್ತದೆ. ಸ್ಕೂಟರಿನ ಕಿಲೋಮೀಟರ್ ಮೀಟರು 99999 ಆದ ಮೇಲೆ ಮತ್ತೆ 00000 ಆಗುವ ಹಾಗೆ, ಬರವಣಿಗೆ ಡಿಸ್ಕಿನ ಮೊದಲಿಗೆ ಸುತ್ತಿ ಬರುತ್ತದೆ. ಡಿಸ್ಕಿನ ಮೊದಲಿಗೆ ಇರುವುದು ಏನು? ಪಾರ್ಟಿಶನ್ ಪಟ್ಟಿ, ಕಡತಗಳ ಸೂಚಿ. ಅಂದರೆ ನೀವು ತಿಂಗಳುಗಟ್ಟಲೆ ಸುಖವಾಗಿರುತ್ತೀರಿ, ಡಿಸ್ಕು ತುಂಬುತ್ತಾ ಬರುತ್ತದೆ, ಒಂದು ದಿನ ಯಾವುದೋ ಹಾಡು ನಕಲು ಮಾಡುವಾಗ ಇಡೀ ಡಿಸ್ಕಿನ ಸೂಚಿಯ ಮೇಲೆ ಆ ಹಾಡು ಬರೆದುಹೋಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಳೆಯ ವಿಂಡೋಸ್ 98 ಗಣಕಕ್ಕೆ ಈಗ ಯಾರಾದರೂ 160 ಜಿಬಿ ಡಿಸ್ಕು ಹಾಕುವುದಾದರೆ ಈ ಒಂದು ವಿಷಯವನ್ನು ಮರೆಯಬಾರದು. 137ರ ಒಳಗೇ ಪಾರ್ಟಿಶನ್ ಮಾಡಿ ಉಳಿದದ್ದನ್ನು ಮುಟ್ಟದೆ ಬಿಡಿ.

ವಿಂಡೋಸ್ 98ರ ಎಫ್‌ಡಿಸ್ಕ್‌ನದು ಇನ್ನೊಂದು ಚಿಕ್ಕ ತಮಾಷೆ. 64 ಜಿಬಿಗಿಂತ ದೊಡ್ಡ ಡಿಸ್ಕು ಕಂಡರೆ ಅದು 64ನ್ನು ಕಳೆದು ಉಳಿದದ್ದನ್ನು ಮಾತ್ರ ತೋರಿಸುತ್ತಿತ್ತು. ಮೈಕ್ರೋಸಾಫ್ಟ್ ಆಮೇಲೆ ತಿದ್ದಿದ ಪ್ರತಿ ಕೊಟ್ಟಿತು.

ಈಗ ಏನು ಮಾಡಬಹುದು

ಇಷ್ಟೆಲ್ಲ ತಿಳಿದ ಮೇಲೆ ಮೊದಲು ಹೇಳಿದ 486ಗೆ ದಾರಿ ಸುಲಭ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಏನೂ ಮಾಡದಿರುವುದು! ಟೈಪ್ 47ರಲ್ಲಿ 1024, 16, 63 ಎಂದು ತುಂಬಿ. 40 ಜಿಬಿಯ ಡಿಸ್ಕಿನಲ್ಲಿ 504 ಎಂಬಿ ಸಿಗುತ್ತದೆ. ಲೇತನ್ನೋ ಉಪಕರಣವನ್ನೋ ನಡೆಸುವ ಡಾಸ್ ಗಣಕಕ್ಕೆ ಅಷ್ಟು ಸಾಕು. ಉಳಿದ ಜಾಗ ಹಾಳಾಯಿತಲ್ಲ ಎಂದು ಕೊರಗಬೇಡಿ, ಗುಜರಿ ಬೆಲೆಗೆ ತಂದದ್ದು. ದೊಡ್ಡ ಡಿಸ್ಕು ಕಂಡು ಗಣಕ ನಿಂತುಬಿಟ್ಟರೆ ಜಂಪರ್ ಹಾಕಿ ನೋಡಿ. 1998ರ ನಂತರದ ಬಹಳಷ್ಟು ಡಿಸ್ಕುಗಳಿಗೆ ತಂತ್ರಾಂಶದ ಆಜ್ಞೆಯಿಂದಲೇ "ನಿನ್ನ ಗಾತ್ರ ಇಷ್ಟೇ" ಎಂದು ಹೇಳಿ ಶಾಶ್ವತವಾಗಿ ಕುಗ್ಗಿಸಲೂಬಹುದು. ಬೇರೆ ಹೊಸ ಗಣಕಕ್ಕೆ ಹಾಕಿ ಆ ಕೆಲಸ ಮಾಡಿಕೊಳ್ಳಬೇಕು.

ಎರಡನೆಯದು, ಎಕ್ಸ್‌ಟಿ-ಐಡಿಇ ಯೂನಿವರ್ಸಲ್ ಬಯೋಸ್. ಹವ್ಯಾಸಿಗಳು ಸೇರಿ ಬರೆದು ಉಚಿತವಾಗಿ ಹಂಚುತ್ತಿರುವ ತಂತ್ರಾಂಶ ಇದು. ಇದನ್ನು ಒಂದು ರಾಮ್ ಚಿಪ್ಪಿಗೆ ಬರೆದು ಐಎಸ್‌ಎ ಕಾರ್ಡಿನಲ್ಲಿ ಕೂರಿಸಿದರೆ ಗಣಕ ಚಾಲೂ ಆಗುವಾಗ ಮೂಲ ಬಯೋಸಿನ ಡಿಸ್ಕ್ ಕೆಲಸವನ್ನು ವಹಿಸಿಕೊಳ್ಳುತ್ತದೆ. ಹೊಸ ಕಾರ್ಡೇ ಬೇಕೆಂದಿಲ್ಲ. ಹಳೆಯ ನೆಟ್‌ವರ್ಕ್ ಕಾರ್ಡುಗಳಲ್ಲಿ ಬೂಟ್ ರಾಮ್‌ಗೆಂದು ಖಾಲಿ ಸಾಕೆಟ್ ಇರುತ್ತದಲ್ಲ, ಅದೇ ಸಾಕು. ಆನ್‌ಟ್ರ್ಯಾಕ್ ಮಾಡುತ್ತಿದ್ದ ದುಭಾಷಿ ಕೆಲಸವನ್ನೇ ಇದೂ ಮಾಡುತ್ತದೆ, ಆದರೆ ಡಿಸ್ಕಿನ ಬಾಗಿಲಲ್ಲಿ ಕೂರದೆ ಗಣಕದ ಒಳಗೇ ಕೂರುತ್ತದೆ. ಹಾಗಾಗಿ ಫ್ಲಾಪಿಯಿಂದ ಚಾಲೂ ಮಾಡಿದರೂ ತೊಂದರೆಯಿಲ್ಲ, ಮೊದಲ ಸೆಕ್ಟರ್ ಅಳಿಸಿದರೂ ದುಭಾಷಿ ಎಲ್ಲೂ ಹೋಗುವುದಿಲ್ಲ.

ಮೂರನೆಯದು, ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು. 1994ರಲ್ಲಿ ಸ್ಯಾನ್‌ಡಿಸ್ಕ್ ತಂದ ಈ ಕಾರ್ಡಿಗೆ ಹುಟ್ಟಿನಿಂದಲೇ ಐಡಿಇ ಭಾಷೆ ಬರುತ್ತದೆ. ತಂತಿ ಜೋಡಿಸುವ ಒಂದು ಸಾಮಾನ್ಯ ಅಡಾಪ್ಟರ್ ಇದ್ದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೇಳಿ ನೋಡಬಹುದು. ಸದ್ದಿಲ್ಲ, ಬಿಸಿಯಿಲ್ಲ, ತಿರುಗುವ ಭಾಗವಿಲ್ಲ. ಡಾಸ್ 6.22 ಆದರೆ ಪಾರ್ಟಿಶನ್ನುಗಳನ್ನು 2 ಜಿಬಿಯೊಳಗೆ ಇಡಬೇಕು, ಅಷ್ಟೆ.

ಹಳೆಯ ಡಿಸ್ಕು ಇನ್ನೂ ಬದುಕಿದ್ದರೆ ಒಂದು ಮುಖ್ಯವಾದ ಮಾತು. ಅದನ್ನು ತೆಗೆಯುವ ಮೊದಲು ಬಯೋಸ್ ಸೆಟಪ್ಪಿಗೆ ಹೋಗಿ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನೂ, ನಾರ್ಮಲ್, ಲಾರ್ಜ್, ಎಲ್‌ಬಿಎ ಇವುಗಳಲ್ಲಿ ಯಾವುದಿದೆ ಎನ್ನುವುದನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೇ ಅಂಟಿಸಿ. ಹತ್ತಿಪ್ಪತ್ತು ವರ್ಷದ ಗಣಕದಲ್ಲಿ ಸಿಮಾಸ್ ಬ್ಯಾಟರಿ ಸತ್ತು ಆ ಸಂಖ್ಯೆಗಳು ಹಾರಿಹೋಗುವುದು ಸಾಮಾನ್ಯ. ಆಗ ಡಿಸ್ಕು ಖಾಲಿಯಾದಂತೆ ಕಾಣುತ್ತದೆ. "ಫಾರ್ಮ್ಯಾಟ್ ಮಾಡಿಬಿಡೋಣ" ಎನ್ನುವವರ ಮಾತು ಕೇಳಬೇಡಿ. ಮಾಹಿತಿ ಅಲ್ಲೇ ಇರುತ್ತದೆ, ಕಥೆ ಮಾತ್ರ ಬದಲಾಗಿರುತ್ತದೆ. ಸರಿಯಾದ ಸಂಖ್ಯೆ ತುಂಬಿದರೆ ಮತ್ತೆ ಎದ್ದು ಬರುತ್ತದೆ. ಯಾರದೋ ತಂದೆ ಬರೆದ ಪುಸ್ತಕದ ಡಿಟಿಪಿ ಕಡತ, ಯಾವುದೋ ಸಂಘದ ಹಳೆಯ ಸಂಚಿಕೆಗಳು ಹೀಗೆ ಖಾಲಿಯೆಂದು ಭಾವಿಸಿದ ಡಿಸ್ಕುಗಳಲ್ಲಿ ಇನ್ನೂ ಇರಬಹುದು.

ಮುಗಿಯದ ಎಣಿಕೆ

ಗೋಡೆಗಳು ಅಲ್ಲಿಗೇ ನಿಲ್ಲಲಿಲ್ಲ. ಪಾರ್ಟಿಶನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಇದ್ದದ್ದರಿಂದ 2.2 ಟಿಬಿಗೆ ಮತ್ತೊಂದು ಗೋಡೆ ಇತ್ತು. 2010ರಲ್ಲಿ 3 ಟಿಬಿಯ ಡಿಸ್ಕುಗಳು ಬಂದಾಗ ಅದೂ ತಲೆಗೆ ಬಡಿದು, ಜಿಪಿಟಿ ಎಂಬ 64 ಬಿಟ್‌ನ ಹೊಸ ಪಟ್ಟಿ ಮನೆಮನೆಗೆ ಬಂತು.

ಬಿಟ್ ಲೆಕ್ಕದ ಈ ಜಿಪುಣತನ ಗಣಕದವರ ಹುಚ್ಚು ಎಂದು ನಗಬೇಡಿ. ಬೆಂಗಳೂರಿನ ಲ್ಯಾಂಡ್‌ಲೈನ್ ನಂಬರುಗಳ ಮೊದಲಿಗೆ 2 ಸೇರಿಸಿ ಎಂಟಂಕಿ ಮಾಡಿದಾಗ ಎಷ್ಟು ಅಂಗಡಿಗಳ ಬೋರ್ಡು ಬದಲಾಗಬೇಕಾಯಿತು ನೆನಪಿಸಿಕೊಳ್ಳಿ. ನಾನು ಈಗ ಬರೆಯುತ್ತಿರುವ ಕನ್ನಡದ ಕಥೆಯೂ ಇದೇ. ಒಂದು ಅಕ್ಷರಕ್ಕೆ 8 ಬಿಟ್ ಸಾಕು ಎಂದವರ ಲೆಕ್ಕದಲ್ಲಿ 256 ಮನೆಗಳಿದ್ದವು. ಆ ಮನೆಗಳಲ್ಲೇ ಕನ್ನಡದ ಅಕ್ಷರ, ಕಾಗುಣಿತ, ಒತ್ತುಗಳ ತುಣುಕುಗಳನ್ನು ಒಬ್ಬೊಬ್ಬರು ಒಂದೊಂದು ಥರ ಕೂರಿಸಿದರು. ಹಾಗಾಗಿ ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಗಣಕದಲ್ಲಿ ಕಸವಾಗಿ ಕಾಣುತ್ತಿತ್ತು. ಮಾಹಿತಿ ಅಲ್ಲೇ ಇದೆ, ಓದುವ ಕಥೆ ಬೇರೆ. ಅದನ್ನು ಬಿಡಿಸಲು ಬಂದ ಯೂನಿಕೋಡ್ ಕೂಡ 1991ರಲ್ಲಿ ಇಡೀ ಜಗತ್ತಿಗೆ 65,536 ಮನೆ ಸಾಕು ಎಂದುಕೊಂಡಿತ್ತು. ಸಾಲದಾಗಿ 1996ರಲ್ಲಿ 11 ಲಕ್ಷಕ್ಕೆ ಏರಿಸಬೇಕಾಯಿತು.

ಈಗಿನ 48 ಬಿಟ್ ಕ್ರಮಸಂಖ್ಯೆಯಲ್ಲಿ 14 ಕೋಟಿ ಜಿಬಿ ಹಿಡಿಸುತ್ತದೆ. ಧಾರಾಳ ಎಂದು ಅನ್ನಿಸುತ್ತದೆ. 10 ಎಂಬಿಯ ಡಿಸ್ಕು ಕೈಯಲ್ಲಿ ಹಿಡಿದಿದ್ದವರಿಗೂ 845 ಕೋಟಿ ಬೈಟು ಹಾಗೇ ಅನ್ನಿಸಿತ್ತು. ಅವರ ವಿಳಾಸ ಸಾಕಷ್ಟು ಉದ್ದವಾಗಿಯೇ ಇತ್ತು, ಪಕ್ಕದ ಕಚೇರಿಯ ನಮೂನೆಯನ್ನು ಒಮ್ಮೆ ನೋಡಿದ್ದರೆ 504ರ ಗೋಡೆ ಏಳುತ್ತಲೇ ಇರಲಿಲ್ಲ. ಅಟ್ಟದ ಮೇಲೆ ಹಳೆಯ ಗಣಕವಿದ್ದರೆ ಈ ಭಾನುವಾರ ಕೆಳಗಿಳಿಸಿ, ಧೂಳು ಕೊಡವಿ, ಬ್ಯಾಟರಿ ನೋಡಿ. ಆ ಮೂರು ಸಂಖ್ಯೆಗಳನ್ನು ಮೊದಲು ಬರೆದಿಟ್ಟುಕೊಳ್ಳಿ.